ಸ್ಥಳೀಯ ಹೆಸರು: ಕೇಳಬೇಕು

ಹಾಳಿ ನಂಬರ್ ನೂರಾ ಹದಿನೇಳು.
ಒಣಗಿ ಕಾಗದಾದ ಐದು ಪಕಳಿ,
ಬಂಗಾರದಂಥಾ ಬಣ್ಣ ಈಗ ಹಳೇ ಚಹಾದ ಕಲೆ.
ಬೀರು ತೆರೆದರ ನುಸಿಗುಳಿಗಿ ವಾಸನಿ ಮುಖಕ್ಕ ಬಡೀತೈತಿ.

ಮೇಡಂ ಹೊಸಾ ಚೀಟಿ ಕೊಟ್ಟರು:
"ಗಾಳೆಪ್ಪ, ಇದರ ಕುಟುಂಬ ಬದಲಾಗೈತಿ, ಹಚ್ಚಿಬಿಡು.
ಹಳೇದು ಕೀಳಬ್ಯಾಡ ಮತ್ತ."
ಕೀಳೂದಿಲ್ರೀ.
ಕೊಪ್ಪಳದ ಈ ಕಾಲೇಜಿನ ಕತ್ತಲಿ ಕೋಣ್ಯಾಗ
ಇಪ್ಪತ್ತೊಂಬತ್ತು ವರ್ಷಕ್ಕ ನಾ ಕಲಿತದ್ದು ಇದೊಂದ:
ತಪ್ಪಿದವರ ಕೈಬರಹ
ತಿದ್ದಿದವರ ಮಗ್ಗುಲದಾಗ ಇರಬೇಕು.

ಮೊದಲನೇ ಚೀಟಿ ಯಾರೋ ಹುಡುಗಂದು. ಬೂರಗದ ಕುಲ ಅಂತ ಬರದಾನ.
ಕಾಯಿ ಒಡೆದರ ಹತ್ತಿ ಬಂತಲ್ಲ, ಅದಕ್ಕ.
ಹಿಂದಕ ದೂರದೇಶದ ದೊಡ್ಡವರೂ ಹಂಗ ಬರದಿದ್ದರಂತ.
ನಾ ನಕ್ಕಿದ್ದೆ. ಬೂರಗದ ಮೈತುಂಬ ಮುಳ್ಳು,
ಇದಕ್ಕ ಒಂದರ ಐತೇನು?
ಮುಟ್ಟಿ ನೋಡಿದ್ದರ ಗೊತ್ತಾಗತಿತ್ತು.

ಎರಡನೇದು ಖಾಜಾವಲಿ ಸರ್ ಬರದದ್ದು, ಹಸಿರು ಶಾಯಿ.
ಕಾಕ್ಲೋಸ್ಪರ್ಮಮ್.
"ಬಸವನಹುಳದ ಚಿಪ್ಪಿನಂಥಾ ಬೀಜ, ಗಾಳೆಪ್ಪ, ಗ್ರೀಕ್ ಮಾತು"
ಅಂತ ಅಂಗೈ ಮ್ಯಾಲ ಒಂದು ಇಟ್ಟು ತೋರಿಸಿದರು.
ಸುತ್ತಿಕೊಂಡು ಮಲಗಿತ್ತು,
ರೇಷ್ಮಿ ಹೊದ್ದು.
ಫ್ಯಾನ್ ಹಾಕಬ್ಯಾಡೋ ಅನ್ನೂದರಾಗ ಹಾರಿಹೋತು.

ಆಗ ಇದಕ್ಕ ತಂದ ಒಂದು ಸಣ್ಣ ಮನಿ ಇತ್ತು.
ಈಗ ರಂಗಮಾಲಿ ಮನ್ಯಾಗ ಸೇರಿಸ್ಯಾರ,
ಕುಂಕುಮದಂಗ ಬೆರಳಿಗೆ ಹತ್ತೋ ಬೀಜದ ಆ ಗಿಡ.
"ಅದರ ಹೂ ಗುಲಾಬಿ, ಇದರದು ಹಳದಿ.
ಹೆಂಗ ಬೀಗರಾದರ್ರೀ ಮೇಡಂ?"
"ಬೀಗರಲ್ಲ, ದಾಯಾದಿಗಳು. ಒಳಗಿನ ಡಿಎನ್‌ಎ ಓದ್ಯಾರ."
ಇರಬಹುದು. ಮುಖ ನೋಡಿ
ಯಾರು ಯಾರ ಮಗ ಅನ್ನೂ ಕಾಲ ಅದು ಹ್ವಾದಂಗಾತು.

ಅಂಟು ಆರೋತನಕ ಬೆರಳು ಒತ್ತಿ ಕುಂತೆ.
ತಳದಾಗ ಒಂದು ಸಾಲು, ಅದ ಹಸಿರು ಶಾಯಿ:
ಸ್ಥಳೀಯ ಹೆಸರು: ಕೇಳಬೇಕು.

ಯಾರನ್ನ ಕೇಳಬೇಕಿತ್ತು?
ಆನೆಗುಂದಿ ಕಡೆ ಗುಡ್ಡ. ಫೆಬ್ರವರಿ ಬಿಸಲು.
ಬಂಡಿಗಲ್ಲಿನ ಬಿರುಕಿನ್ಯಾಗ ಎಲಿಯಿಲ್ಲದ ಗಿಡ,
ಕಲ್ಲಿನ ಮ್ಯಾಲೆಲ್ಲ ಹಳದಿ ಉದುರಿ ಬಿದ್ದಿತ್ತು.
ಆಡು ಬಿಟ್ಟುಕೊಂಡು ಒಬ್ಬಾಕಿ ನಿಂತಿದ್ದಳು,
ಆಡೂ ಹೂ ತಿಂತಿದ್ದವು.
ನಾಲ್ಕರ ಬಸ್ಸು ತಪ್ಪೀತು ಅಂತ
ಆಕಿನ್ನ ಯಾರೂ ಮಾತಾಡಿಸಲಿಲ್ಲ.
ಹಲಗಿ, ಹಗ್ಗ, ರದ್ದಿ ಪೇಪರು ಹೊತ್ತು ನಾನೂ ಅಲ್ಲೇ ಇದ್ದೆ.
ನನ್ನೂ ಕೇಳಲಿಲ್ಲ.

ನಮ್ಮವ್ವ ಇದರ ಹತ್ತಿ ತುಂಬಿ
ನನಗೊಂದು ತಲಿದಿಂಬು ಹೊಲದಿದ್ದಳು. ಆ ಗಿಡಕ್ಕ
ಅರಿಶಿಣ ಬೂರಗ ಅಂತಿದ್ದಳು.

ಬೂರಗ!
ಆ ಹುಡುಗ ತಪ್ಪಿದಲ್ಲೇ ಅವ್ವನೂ ತಪ್ಪಿದ್ದಳು,
ಮುಟ್ಟಿ, ಬಿಡಿಸಿ, ಹಿಂಜಿ, ಹೊಲದು ನೋಡಿದಮ್ಯಾಲೂ.
ಇಷ್ಟು ವರ್ಷ ಆ ಹುಡುಗನ್ನ ನೋಡಿ ನಕ್ಕಾಂವ ನಾನು.

ಪೆನ್ಸಿಲ್ ಚೂಪು ಮಾಡಿ ಇಟ್ಟೀನಿ.
ಮೇಡಂ ಊಟಕ್ಕ ಹೋಗ್ಯಾರ.
ಹಾಳಿ ಮ್ಯಾಲ ಇನ್ನೂ ಒಂದು ಚೀಟಿಗೆ
ಜಾಗ ಐತಿ.