ಎರಡೂವರೆ ಬೆರಳು

ವಾಟರ್ ಪಂಪಿನ ಮೂತಿಗೂ ರೇಡಿಯೇಟರಿಗೂ ನಡುವೆ
ಎರಡೂವರೆ ಬೆರಳು ಜಾಗ.
ಗುಜರಿಯಿಂದ ತಂದ ಮಾರುತಿ ಫ್ಯಾನು
ಮೋಟರು ಸೇರಿ ನಾಲ್ಕು ಬೆರಳು ದಪ್ಪ.
ಲೆಕ್ಕ ಇಷ್ಟೇ. ಮಿಕ್ಕಿದ್ದೆಲ್ಲ ಬೈಗುಳ.

ಸಿದ್ದಯ್ಯ ರಸ್ತೆಯ ನಮ್ಮ ಶೆಡ್ಡಿನಲ್ಲಿ
ಅರವತ್ತೆರಡರ ಫಿಯೆಟ್ಟು
ಬೆಳಿಗ್ಗೆಯಿಂದ ಬಾನೆಟ್ ಎತ್ತಿ ನಿಂತಿದೆ.
ಪಕ್ಕದಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ,
ಹಲ್ಲಿನ ಡಾಕ್ಟರು ಇಂದುಮತಿ ಪೈ,
ಎಪ್ಪತ್ತೊಂದು ವಯಸ್ಸು, ಮಡಿಲಲ್ಲಿ ಬ್ಯಾಗು.
"ಹಡ್ಸನ್ ಸರ್ಕಲ್ಲಿನಲ್ಲಿ ಮೂರು ಸಲ ಕುದಿಯಿತು, ಚೌಡಪ್ಪ.
ಮೂರನೇ ಸಲ ಯಾರೋ ಹುಡುಗ
ತಾನು ಕುಡಿಯುತ್ತಿದ್ದ ಎಳನೀರನ್ನೇ
ರೇಡಿಯೇಟರಿಗೆ ಹುಯ್ಯೋಕೆ ಬಂದ."

ಗಾಡಿಯದೇನು ತಪ್ಪಿಲ್ಲ.
ಓಡಿದರೆ ಗಾಳಿ, ಗಾಳಿ ಬಂದರೆ ತಂಪು,
ಇಷ್ಟನ್ನೇ ನಂಬಿ ಹುಟ್ಟಿದ್ದು ಅದು.
ಈ ಊರಲ್ಲೀಗ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.
ನಿಂತಲ್ಲಿ ಬೆಲ್ಟಿನ ಫ್ಯಾನು
ಊಟ ಮುಗಿಸಿ ಬಂದ ಗುಮಾಸ್ತನ ಹಾಗೆ ತಿರುಗುತ್ತದೆ.

ಹಿಂದೆ ಹಿಡಿಸದಿದ್ದರೆ ಮುಂದೆ.
ಗ್ರಿಲ್ಲು ಬಿಚ್ಚಿದೆವು. ಹಾರನ್ನಿಗೆ ಬೇರೆ ಮನೆ ತೋರಿಸಿದೆವು.
ಜಾಲರಿಗೇ ಟೈ ಕಟ್ಟಿಬಿಡೋಣ ಅಂದ ಜಬೀವುಲ್ಲಾ.
ದಸ್ತಗೀರಣ್ಣ ಬದುಕಿದ್ದಿದ್ದರೆ ಸ್ಪ್ಯಾನರಿನಲ್ಲೇ ಉತ್ತರ ಕೊಡುತ್ತಿದ್ದ:
ಅಲುಗಿ ಅಲುಗಿ ವರ್ಷದೊಳಗೆ ತೂತು.
ಪಟ್ಟಿ ಕತ್ತರಿಸಿ, ಬಗ್ಗಿಸಿ,
ಬಗ್ಗಿಸಿದ್ದು ತಪ್ಪಾಗಿ ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ,
ಹನ್ನೊಂದರ ಟೀ ಎರಡು ಗಂಟೆಗೆ ಕುಡಿದೆವು.

ಮೂರು ಬೋಲ್ಟು ಕೂತವು.
ನಾಲ್ಕನೆಯದು ಕೆಳಗೆ, ಎಡಕ್ಕೆ, ಕ್ರಾಸ್ ಮೆಂಬರಿನ ಹಿಂದೆ,
ಕಣ್ಣಿಗೂ ಇಲ್ಲ, ಕೈಗೂ ಇಲ್ಲ.
ನನ್ನ ಬೆರಳು ಬಾಳೆಕಾಯಿ.
ಜಬೀಯ ಕೈ ಮಣಿಕಟ್ಟಿನವರೆಗೆ ಹೋಗಿ ಸಿಕ್ಕಿಕೊಂಡು
ಗ್ರೀಸು ಹಚ್ಚಿ ಎಳೆಯಬೇಕಾಯಿತು.
ಐದು ನಟ್ಟು ಬಿದ್ದವು. ಐದನೆಯದು
ಎಲ್ಲಿ ಬಿತ್ತೆಂದು ಸದ್ದೂ ಬರಲಿಲ್ಲ.

ಸ್ಟೂಲು ಕಿರ್ ಎಂದಿತು.
"ಸರಿ ಸ್ವಲ್ಪ."
ಬ್ಯಾಗಿನಿಂದ ಬಂತು ಕಡ್ಡಿಯ ತುದಿಯ ಕನ್ನಡಿ,
ಎಂಟಾಣೆಯಷ್ಟು ಅಗಲ.
ಎಡಗೈಯಲ್ಲಿ ಅದು, ಬಲಗೈಯಲ್ಲಿ ಚಿಮಟ,
ಚಿಮಟದ ಬಾಯಲ್ಲಿ ನಟ್ಟು.
"ಟಾರ್ಚು ಇಲ್ಲಿ ಬಿಡು. ಕೈ ನಡುಗಿಸಬೇಡ."
ನನಗೆ ಹೇಳಿದ್ದು.
ನಲವತ್ತಾರು ವರ್ಷ ಕತ್ತಲೆಯ, ಒದ್ದೆಯ,
ಸುಮ್ಮನಿರದ ನಾಲಿಗೆಯೊಂದಿರುವ ಇಕ್ಕಟ್ಟಿನಲ್ಲಿ
ಎಲ್ಲವನ್ನೂ ತಿರುಗುಮುರುಗಾಗಿ ನೋಡುತ್ತ ದುಡಿದವರು.
ಸೆರಗು ಸೊಂಟಕ್ಕೆ, ಮೊಳಕೈ ಮಡ್‌ಗಾರ್ಡಿನ ಮೇಲೆ.
"ಬುದ್ಧಿಹಲ್ಲೂ ಹೀಗೇ," ಅಂದರು, "ಆದರೆ ಇದು ಕಚ್ಚಲ್ಲ."
ಒಂದು ಸುತ್ತು ಜಾರಿತು. ಇನ್ನೊಂದು.
ಆಮೇಲೆ ಮರೆಯ ಹಿಂದೆ ಮರೆ ಹಿಡಿದುಕೊಂಡಿತು.
ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ.

ವೈರು, ರಿಲೇ, ಫ್ಯೂಸು. ಸ್ವಿಚ್ಚು ಒತ್ತಿದೆ.
ಬಂತು ಗಾಳಿ, ನಮ್ಮ ಮುಖಕ್ಕೇ!
ವೈರು ಅದಲುಬದಲಾದರೆ ಸಾಲದು, ಎಲೆಯನ್ನೂ ಮಗುಚಬೇಕು.
ಮಗುಚಿದೆವು. ಇನ್ನೊಂದು ಗಂಟೆ.
ಡಾಕ್ಟರು ಕ್ಲಿನಿಕ್ಕಿನ ಹಳೇ ರಸೀದಿಯೊಂದನ್ನು
ಗ್ರಿಲ್ಲಿನೆದುರು ಹಿಡಿದು, ಬಿಟ್ಟರು.
ಹಾಳೆ ಬೀಳಲಿಲ್ಲ.
ಅಲ್ಲೇ ಅಂಟಿಕೊಂಡು ಪಟಪಟಿಸಿತು
ಯಾರದೋ ಮೂರು ಹಲ್ಲಿನ ಲೆಕ್ಕ.

ರಾತ್ರಿ ಹೆಡ್‌ಲೈಟು ಹಾಕಿದಾಗ ಫ್ಯಾನೂ ತಿರುಗಿದರೆ
ಡೈನಮೋ ಸುಸ್ತಾಗುತ್ತೆ, ಅಮ್ಮ, ಎಂದೆ.
"ರಾತ್ರಿ ನಾನೂ ಸುಸ್ತಾಗುತ್ತೇನೆ" ಎಂದು ಗೇರು ಹಾಕಿದರು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ
ಬೆಂಚಿನ ಮೇಲೆ ಕಡ್ಡಿ ಕಂಡಿತು.
ಕಡ್ಡಿ ಮಾತ್ರ. ತುದಿ ಬೋಳು.
ಕನ್ನಡಿ ಕಳಚಿ ಒಳಗೇ ಉಳಿದಿದೆ,
ಸದ್ದಿಲ್ಲದೆ ಬಿದ್ದ ಆ ನಟ್ಟಿನ ಜೊತೆ,
ನನ್ನ ಕೈ ಹೋಗದ ಮೂಲೆಯಿಂದ
ಎಲೆಗಳು ತಿರುಗುವುದನ್ನು ನೋಡುತ್ತ.

ಫೋನು ಮಾಡಿದೆ. ಎತ್ತಲಿಲ್ಲ.
ಓಡಿಸುತ್ತಿರಬೇಕು.
ಅಥವಾ ನಿಂತಿರಬೇಕು.