ಸಮರ್ಥನೆ ಎಂಬ ಕಲಂ

ನಮೂನೆಯಲ್ಲಿ ಸಮರ್ಥನೆಗೆ ಬಿಟ್ಟಿರುವುದು ಎರಡೇ ಗೆರೆ.
ಒಬ್ಬ ಗುಮಾಸ್ತೆಗೆ ಎರಡು ಪರದೆ ಯಾಕೆ
ಅಷ್ಟರಲ್ಲೇ ಬರೆದು ಮುಗಿಸಬೇಕು.
ಬೆಳಿಗ್ಗೆಯಿಂದ ಪೆನ್ನಿನ ಟೋಪಿ ಕಚ್ಚುತ್ತ ಕೂತಿದ್ದೇನೆ,
ವಿರಾಜಪೇಟೆ ತಾಲೂಕು ಕಚೇರಿಯ ರೆಕಾರ್ಡು ಕೋಣೆಯಲ್ಲಿ.
ಹೊರಗೆ ಕಾಫಿ ಹೂ ಬಿಟ್ಟ ವಾರ.
ಅಷ್ಟು ಘಮಕ್ಕೂ ಈ ಕಡತಗಳ ಧೂಳನ್ನು ದಾಟಿ
ನನ್ನ ಮೇಜಿನ ತನಕ ಬರಲಾಗಿಲ್ಲ.

ಶಿರಸ್ತೇದಾರ್ ಕುಟ್ಟಯ್ಯನವರು ಕೇಳಿದರು:
"ಒಂದೊಂದು ಕಣ್ಣಿಗೆ ಒಂದೊಂದಾ, ದಮಯಂತಿ?"
ನಗು ಎಲ್ಲ ಮೇಜುಗಳನ್ನೂ ಸುತ್ತಿ ಬಂತು. ನಾನೂ ನಕ್ಕೆ.

ನನ್ನ ಕೆಲಸ ಇಷ್ಟೇ.
ಸ್ಕ್ಯಾನ್ ಮಾಡಿದ ಹಳೇ ಪುಟ ನೋಡುವುದು,
ಅದನ್ನು ಮುಚ್ಚುವುದು, ಹೊಸ ಕಿಟಕಿ ತೆರೆಯುವುದು,
ನೋಡಿದ್ದನ್ನು ಒತ್ತುವುದು.
ಮುಚ್ಚಿ ತೆರೆಯುವ ಆ ಅರೆಗಳಿಗೆ
ಬಾಣೆ, ಗದ್ದೆ, ಎಕರೆ, ಸೆಂಟು, ಒಕ್ಕದ ಹೆಸರು
ಯಾವ ಯಂತ್ರದಲ್ಲೂ ಇರುವುದಿಲ್ಲ.
ನನ್ನ ತಲೆಯಲ್ಲಿರುತ್ತದೆ.
ಅದರ ಜೊತೆಗೆ ಐದೂಕಾಲಿನ ಬಸ್ಸು, ಮಗಳ ಜ್ವರ,
ಬಾರದ ಗ್ಯಾಸ್ ಸಿಲಿಂಡರು.

ಮುದ್ದವ್ವ ಮುದ್ದಪ್ಪ ಆದದ್ದು ಅಲ್ಲೇ.

ಯಾರದೋ ಮಸಿಕಡ್ಡಿಯ ಕೈಬರಹ;
ಅದರಲ್ಲಿ ವ ಮತ್ತು ಪ ಒಡಹುಟ್ಟಿದವರು,
ಒಂದು ಗೀರಿನಷ್ಟೇ ಅಂತರ.
ಆ ಗೀರು ಹಿಡಿದು ಮೂರು ವರ್ಷ ಬಂದಳು ಮುದುಕಿ, ಮೈತಾಡಿಯಿಂದ,
ಹಿಂದಕ್ಕೆ ನೆರಿಗೆ ಬಿಟ್ಟ ಸೀರೆ, ಕಂಕುಳಲ್ಲಿ ಪ್ಲಾಸ್ಟಿಕ್ ಕವರು.
"ನಾನು ಗಂಡಸಲ್ಲ ಅನ್ನೋದಕ್ಕೆ
ಯಾವ ಸರ್ಟಿಫಿಕೇಟು ತರಲಿ?" ಅಂತ ಕೌಂಟರಿನಲ್ಲಿ ಕೇಳಿದಳು.
ಆಗಲೂ ನಗು ಸುತ್ತಿ ಬಂತು.
ಒಮ್ಮೆ ಸಣ್ಣ ಸೀಸೆಯಲ್ಲಿ ಕಾಚಂಪುಳಿ ತಂದಿದ್ದಳು.
ತೆಗೆದುಕೊಳ್ಳುವ ಹಾಗಿಲ್ಲ ಅವ್ವಾ, ಎಂದೆ.
"ಇದು ಯಾರ ತಪ್ಪು ಮಗಾ?"
ಕಂಪ್ಯೂಟರಿನದು, ಎಂದೆ.

ಮೂರು ಕೊಟೇಶನ್ ತರಿಸಿದೆ.
ಗೋಣಿಕೊಪ್ಪದ ಶಿಹಾಬ್ ಎಲ್ಲರಿಗಿಂತ ಅಗ್ಗ.
"ಔಟ್‌ಪುಟ್ ಒಂದೇ ಇರೋದು ಮೇಡಂ, ಸ್ಪ್ಲಿಟರ್ ಹಾಕಿದರೆ ಆಯ್ತಲ್ಲ?"
ಹಾಕಿ ತೋರಿಸಿದ.
ಎಡದಲ್ಲೂ ಮುದ್ದಪ್ಪ, ಬಲದಲ್ಲೂ ಮುದ್ದಪ್ಪ.
ತಪ್ಪಿಗೆ ಒಬ್ಬ ಸಾಕ್ಷಿ ಸಿಕ್ಕಂತಾಯಿತು.
ಎರಡನೆಯವರ ಪೆಟ್ಟಿಗೆಗೆ ಹಿಂದೆ ಎರಡು ಕಿಂಡಿ,
ಒಂದಕ್ಕೆ ಉಸಿರಿಲ್ಲ.
ಮೈಸೂರಿನ ಹುಡುಗ ತಂದದ್ದಕ್ಕೆ
ನಾಲ್ಕು ಸಾವಿರದ ಮುನ್ನೂರು ಹೆಚ್ಚು.
ಪ್ರೊಸೆಸರು, ರ‍್ಯಾಮು, ವಾರಂಟಿ, ಏನೇನೋ ಹೇಳುತ್ತಿದ್ದ.
ನಾನು ಮೌಸ್ ಹಿಡಿದು ಬಾಣವನ್ನು ಬಲಕ್ಕೆ ದೂಡಿದೆ.
ಎಡಪರದೆಯ ಅಂಚಿಗೆ ಹೋಯಿತು,
ಎರಡು ಬೆರಳು ಅಗಲದ ಕಪ್ಪು ಚೌಕಟ್ಟಿನಲ್ಲಿ ಮುಳುಗಿ
ಆಚೆ ದಡದಲ್ಲಿ ಎದ್ದಿತು,
ಹೊಳೆ ದಾಟಿದ ನಾಯಿಯ ಹಾಗೆ, ಮೈ ಕೊಡವದೆ.
ಈಚೆ ಹಳೇ ಪುಟ. ಆಚೆ ಹೊಸದು.
ನಡುವೆ ನನ್ನ ತಲೆಗೆ ಕೆಲಸವಿಲ್ಲ.
ಇದೇ ಇರಲಿ, ಎಂದೆ.
"ಆಡಿಟ್‌ನವರು ಕೇಳ್ತಾರೆ," ಎಂದರು ಕುಟ್ಟಯ್ಯ.

ಕೇಳಲಿ. ಏನಂತ ಬರೆಯಲಿ?
ಮೊದಲ ಗೆರೆಯಲ್ಲಿ ಬರೆದೆ: ತಪ್ಪು ಕಂಪ್ಯೂಟರಿನದಲ್ಲ.
ಹೊಡೆದು ಹಾಕಿದೆ.
ಎರಡನೆಯದರಲ್ಲಿ ಬರೆದೆ:
"ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡಲು ಅನುಕೂಲ."
ಸಹಿ, ಮೊಹರು, ದಿನಾಂಕ.

ಕಡತ ಮಡಿಕೇರಿಗೆ ಹೋಗಿ ಎರಡು ತಿಂಗಳಾಯಿತು.
ಮುದ್ದವ್ವನ ತಿದ್ದುಪಡಿ ಅರ್ಜಿಯೂ ಅದೇ ಟಪಾಲಿನಲ್ಲಿ ಹೋಗಿದೆ;
ಯಾವುದು ಮೊದಲು ಹಿಂದಿರುಗುವುದೋ ತಿಳಿಯದು.
ಅಲ್ಲಿಯ ತನಕ ಈ ಒಂಟಿ ಪರದೆಯೆದುರು
ಪುಟ ಮುಚ್ಚುವ ಮೊದಲು ಹೆಸರನ್ನು ಜೋರಾಗಿ ಓದಿಕೊಳ್ಳುತ್ತೇನೆ,
ಒಂದನೇ ಕ್ಲಾಸಿನ ಮಗುವಿನ ಹಾಗೆ.
ಕುಟ್ಟಯ್ಯನವರು ಕನ್ನಡಕದ ಮೇಲಿಂದ ನೋಡುತ್ತಾರೆ.
ಪೊನ್ನವ್ವ.
ವಕಾರಕ್ಕೆ ವಕಾರದ ಒತ್ತು.