ಫರ್ಸಿ ಲೆಕ್ಕ

ಚಿತ್ತಾಪುರದ ಕೋರ್ಟಿನಾಗೂ ಶಹಾಬಾದ ಫರ್ಸಿನೇ ಹಾಸ್ಯಾರ.
ಕಟಕಟಿ ಹತ್ತಿ ನಿಂತಾಗ ನಾ ಮೊದಲ ನೋಡಿದ್ದು ಅದನ್ನ:
ಸಂದಿಗಿ ಸಿಮೆಂಟು ನೆಟ್ಟಗ ತುಂಬಿಲ್ಲ ಯಾವನೋ.

'ಎಷ್ಟು ಬರಬೇಕು?'
ಹದಿನಾಲ್ಕು ಸಾವಿರದ ಆರುನೂರು, ಸಾಹೇಬ್ರ.
'ಚೀಟಿ?'
ಇಲ್ಲ.
'ಸಾಕ್ಷಿ?'
ಅವನ ತಾಯಿ ಇದ್ದಳು. ಈಗಿಲ್ಲ.

ದಸ್ತಗೀರ ಆ ಕಡಿ ನಿಂತಾನ, ಇಸ್ತ್ರಿ ಅಂಗಿ ಹಾಕ್ಕೊಂಡು.
ವಾಡಿಯಿಂದ ಇಬ್ಬರೂ ಒಂದೇ ಬಸ್ಸಿಗಿ ಬಂದೀವಿ,
ಅವ ಮುಂದಿನ ಬಾಗಲಾ ಇಳದ, ನಾ ಹಿಂದಿನ ಬಾಗಲಾ.

ದೋಸ್ತನ ಮನಿಗಿ ಫರ್ಸಿ ಹಾಕಲಾಕ ಚೀಟಿ ಯಾರು ಬರೀತಾರ?
ಬೀಡಿಕಟ್ಟಿನ ಮ್ಯಾಲ ಅಳತಿ ಗೀಚಿದ್ದಕ್ಕೇ
ಅಮ್ಮಿ ನಕ್ಕಿದ್ದಳು ಅವತ್ತು:
'ನಿಕಾನಾಮಾ ಬರೀಲತ್ತೀರೇನೋ ಇಬ್ಬರೂ?'

ಅವ ಹೇಳ್ತಾನ, ರೊಕ್ಕ ಅಮ್ಮಿ ಕೈಯಾಗ ಕೊಟ್ಟಿದ್ದೆ,
ಇವನಿಗಿ ಕೊಡು ಅಂತ.
ನಾ ಹೇಳ್ತೀನಿ, ನನಗ ಮುಟ್ಟಿಲ್ಲ.
ಎರಡೂ ಖರೆ ಇದ್ದರ ನಡುವ ಒಬ್ಬಾಕಿ ಉಳೀತಾಳ
ಖಬರಸ್ತಾನದಾಗ.
ಆ ಮಾತು ಅವನೂ ಮುಂದ ಒಯ್ಯಲಿಲ್ಲ, ನಾನೂ ಒಯ್ಯಲಿಲ್ಲ.
ವಕೀಲರು ಕಾಗದಾ ತಿರುವಿದರು.

ಅಕಿ ಮಣ್ಣಿಗಿ ನಾ ಹೋಗಿರಲಿಲ್ಲ.
ಅಷ್ಟರಾಗ ನೋಟೀಸು ಕೊಟ್ಟಾಗಿತ್ತು.

ಅಳೀರಿ ಅಂತ ಹುಕುಂ ಆತು.
ಕಮಿಷನರ್ ಅಂತ ಬಂದವ ಮೀಸಿ ಬಲೀದ ಹುಡುಗ,
ಟೇಪಿನ ಒಂದು ತುದಿ ನನಗ ಕೊಟ್ಟ, ಇನ್ನೊಂದು ಅವನಿಗಿ.
ಎರಡು ವರ್ಷದ ಮ್ಯಾಲ ಆ ಹೊಸ್ತಿಲಾ ದಾಟಿದೆ.
ಪಡಸಾಲಿ. ಅಡಗಿಮನಿ. ಅಮ್ಮಿ ಖೋಲಿ.
ಕೂಡಿ ಮುನ್ನೂರಾ ಅರವತ್ತೈದು ಫೂಟು,
ಫೂಟಿಗಿ ನಾಲ್ವತ್ತು.
ನನ್ನ ಲೆಕ್ಕ ತಪ್ಪಿರಲಿಲ್ಲ, ಆದರ ಖುಷಿನೂ ಆಗಲಿಲ್ಲ.

ಉಳಿದದ್ದು ಬಚ್ಚಲ ಬಾಯಿಯ ಕಲ್ಲು, ನಾಲ್ಕು ಫೂಟಿಂದು.
ಎಲ್ಲಾ ನುಣುಪು, ಅದೊಂದು ಉರುಟು,
ಮೈತುಂಬ ಉಳಿಯ ಗೀರು.
'ಇದು ಅರ್ಧಾ ಕೆಲಸ,' ಅಂದ ಹುಡುಗ,
'ಹಿಡೀಲೋ ಬಿಡಲೋ?'

'ಅರ್ಧಾ ಅಲ್ಲ,' ಅಂದ ದಸ್ತಗೀರ, ನೆಲಾ ನೋಡ್ತಾ.
'ವಜೂ ಮಾಡಿ ಏಳುವಾಗ ಅಮ್ಮಿ ಜಾರಬಾರದಂತ
ಬೇಕಂತಲೇ ಹಂಗ ಹೊಡದಾನ. ಪೂರಾ ಹಿಡೀರಿ.'

ಹಿಡೀಬ್ಯಾಡ್ರಿ, ಅಂದೆ ನಾ.
ಅದು ಲೆಕ್ಕದಾಗ ಇರಲೇ ಇಲ್ಲ.

'ನನ್ನ ಮನ್ಯಾಗ ನಿಂದೇನು ಧರ್ಮದ ಕಲ್ಲೇನೋ?'

ಅಮ್ಮಿಗಿ ಹಾಕಿದ್ದಕ್ಕ ರೊಕ್ಕ ತಗೋಲೇನೋ ನಾ?

ದನಿ ಏರ್ತು. ಬಾಜು ಮನಿಯವರು ಬಂದು ನಿಂತರು.
ನೂರಾ ಅರವತ್ತು ರೂಪಾಯಿ.
ಅವನ ಹೆಂಡತಿ ಇಟ್ಟು ಹೋದ ಚಾದ ಮ್ಯಾಲ ಕೆನಿ ಕಟ್ಟಿತು.

'ಇದನ್ನೂ ದಾವೆದಾಗ ಸೇರಸ್ಲೇನ್ರಿ?' ಅಂದ ಹುಡುಗ,
ಪೆನ್ಸಿಲ್ ಕಿವಿಗಿ ಸಿಗಿಸಿಕೊಂಡು.
ನಮ್ಮಿಬ್ಬರ ಕೈಯಿಂದ ಜಾರಿ
ಟೇಪು ಸರ್ರಂತ ಡಬ್ಬಿಯೊಳಗ ಹೋತು.

ಪೇಶಿ ಇಪ್ಪತ್ಮೂರಕ್ಕ ಅದ.